ನೀರು ಬಲ್ಲವನು

ಯಾಶಿ ನಗರ, ಆಸ್ಪತ್ರೆಯ ನೆಲಮಾಳಿಗೆ.
ಇಲ್ಲಿಗೆ ರೋಗಿಗಳು ಬರುವುದಿಲ್ಲ,
ಬರುವುದು ಅವರ ಕಡಲೆಕಾಳಿನಷ್ಟು ಚೂರು,
ಫಾರ್ಮಲಿನ್ ಡಬ್ಬಿಯಲ್ಲಿ, ಮೇಲೊಂದು ನಂಬರು.
ಇಪ್ಪತ್ತಾರು ವರ್ಷ
ಮುಖ ಕಾಣದವರ ಹಣೆಬರಹ ಓದಿದ್ದೇನೆ,
ಹಣೆಯ ಮೇಲಿನದಲ್ಲ, ಹಿಂದಿನದು;
ಎರಡು ಬಣ್ಣ ಹಾಕಿ, ತೊಳೆದು,
ನಾನೂರು ಪಟ್ಟು ಹಿಗ್ಗಿಸಿ.

ಈ ಚೂರು ಒಬ್ಬ ದೋಣಿಯವನದು.
ಡ್ಯಾನ್ಯೂಬ್ ಕಡಲು ಸೇರುವ ಸುಲಿನಾ ಕವಲಿನವನು.
ಬಲಗೈ ಹುಟ್ಟು ಹಾಕುವುದನ್ನೇ ಮರೆತಿತ್ತಂತೆ.
ಮೀನುಗಳ ಹೆಸರು ಒಂದೊಂದೇ ಜಾರಿ
ಕೊನೆಗೆ ಎಲ್ಲಕ್ಕೂ ‘ಅದು’ ಅನ್ನುತ್ತಿದ್ದನಂತೆ.

ಗಾಜಿನಡಿ ಏನಿರಬೇಕಿತ್ತು?
ಒಂದೇ ಸಾಲು ಕೋಶ ಒಳಗೆ ಹಾಸಿದ
ಎಳೆ ನೂಲಿನಂಥ ರಕ್ತನಾಳ,
ಕೆಂಪುಕಣವೊಂದು ಮೈ ಮುದುರಿ ನುಸುಳುವಷ್ಟು ದಾರಿ.
ಇದ್ದದ್ದು:
ಗೋಡೆಯ ಮೇಲೆ ಗೋಡೆ, ಅದರ ಮೇಲಿನ್ನೊಂದು,
ಬಿಡಿಸಲು ಬಾರದ ಉಂಡೆ ಉಂಡೆ ಗಂಟು,
ಮೂತ್ರಪಿಂಡದ ಕುಚ್ಚು ದಾರಿ ತಪ್ಪಿ ಮಿದುಳಿಗೆ ಬಂದಂತೆ.
ಕೆಲವು ನಾಳ ಹೆಪ್ಪುಗಟ್ಟಿ ಮುಚ್ಚಿದ್ದವು.
ಮುಚ್ಚಿದ ಕಡೆ ಸತ್ತ ಬಯಲು,
ಅದರ ಅಂಚಿಗೆ ಕೋಶಗಳು ಒತ್ತೊತ್ತಾಗಿ,
ಬೆಂಕಿ ಬಿದ್ದ ಮನೆಯ ಬಾಗಿಲಲ್ಲಿ ಜನ ಸಿಕ್ಕಿಕೊಂಡಂತೆ.

ಈ ಲಿಪಿ ನನಗೆ ಗೊತ್ತು.
ಟೈಪು ಮಾಡಿದೆ: ದರ್ಜೆ ನಾಲ್ಕು.
ಐದನೆಯದು ಇಲ್ಲ.

ಗುರುವಾರ ಯಾರೋ ಬಾಗಿಲು ಬಡಿದರು.
ಅರ್ಧ ಬೋಳಿಸಿದ ತಲೆ, ಹೊಲಿಗೆಯ ಸಾಲು;
ಗಡ್ಡ ಮಾತ್ರ ಎದೆಯವರೆಗೆ. ಲಿಪೊವಾನರವನು,
ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.
“ನಾನು ಟೆರೆಂಟಿ. ನಂದು... ಅದು... ಇಲ್ಲಿದೆಯಂತೆ.”
ಬೆನ್ನಿಗೆ ಮಗಳು ಅಕ್ಸೀನಿಯಾ, ಕ್ಷಮೆ ಕೇಳುವ ಕಣ್ಣು.
ತೋರಿಸಬಹುದೆಂದು ನಿಯಮದಲ್ಲಿಲ್ಲ.
ಕೂಡದೆಂದೂ ಇಲ್ಲ.

ಇಬ್ಬರು ನೋಡುವ ಸೂಕ್ಷ್ಮದರ್ಶಕ; ಎದುರಿಗೆ ಕೂರಿಸಿದೆ.
ಗುಲಾಬಿ ಬಯಲಲ್ಲಿ ನನ್ನ ಬಾಣದ ಗುರುತು ಸರಿಯಿತು.
ಸಮಾಧಾನಕ್ಕೆಂದು ಹೇಳಿದೆ: “ನಿಮ್ಮ ನದಿಯ ಹಾಗೇ,
ಕಡಲ ಹತ್ತಿರ ಬಂದು ಕವಲೊಡೆದಿದೆ.”

ಬಹಳ ಹೊತ್ತು ನೋಡಿದ. ತಿರುಪು ತಾನೇ ತಿರುಗಿಸಿದ.
“ಇಲ್ಲ. ನದಿ ಹೀಗೆ ಮಾಡೋದಿಲ್ಲ.
ನದಿ ತುಂಬಿದಾಗ ದಾರಿ ಮಾಡ್ಕೊಳ್ಳುತ್ತೆ.
ಇದು ಬಾಯಾರಿದೋರು ತೋಡಿದ್ದು.
ನಾ ಹುಡುಗನಾಗಿದ್ದಾಗ ಸರ್ಕಾರದೋರು ತೋಡಿದ್ರು,
ಅವಸರ, ಕಂಡಕಂಡಲ್ಲಿ. ದಡ ನಿಲ್ಲಲಿಲ್ಲ, ಸೋರಿತು.
ನೀರು ಬಂತು, ಹೋಗೋಕೆ ಜಾಗ ಇರಲಿಲ್ಲ, ಕೊಳೀತು.
ಆ... ಮೀಸೆ ಇರೋದು... ಅದು...
ಹೊಟ್ಟೆ ಮೇಲಾಗಿ ತೇಲಿತು.”
“ಸೋಮ್,” ಅಂದಳು ಮಗಳು, ಮೆಲ್ಲಗೆ.

ನಾನು ಓದಿದ ಲೇಖನಗಳು ಹೇಳಿದ್ದೂ ಇದನ್ನೇ:
ಉಸಿರು ಸಿಗದ ಕೋಶ ರಕ್ತಕ್ಕಾಗಿ ಕೂಗುತ್ತದೆ,
ಕೂಗಿಗೆ ಓಡಿಬಂದ ನಾಳ ಸೋರುತ್ತದೆ, ಕಟ್ಟಿಕೊಳ್ಳುತ್ತದೆ,
ಮತ್ತೆ ಉಸಿರಿಲ್ಲ, ಮತ್ತೆ ಕೂಗು.
ಇಷ್ಟು ವರ್ಷ ಅದನ್ನು ನಾನು
ದುರಾಸೆ ಎಂದೇ ಓದಿಕೊಂಡಿದ್ದೆ.

“ಎಷ್ಟು ದಿನ?” ಕೇಳಿದ್ದು ಮಗಳು.
ಸರಾಸರಿ ಬೇರೆ, ಮಧ್ಯಾಂಕ ಬೇರೆ ಎಂದೆ.
ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿನವನ ದಿನ ಅದು,
ಅರ್ಧ ಜನ ಅವನಿಗಿಂತ ಆಚೆ.
‘ಆಚೆ’ ಎಂಬ ಮಾತನ್ನು ಅವಳು ಹಿಡಿದುಕೊಂಡಳು;
ನಾನು ಬಿಡಿಸಲಿಲ್ಲ.
ಟೆರೆಂಟಿ ಎರಡು ಬೆರಳಲ್ಲಿ ಶಿಲುಬೆಯ ಗುರುತು ಮಾಡಿದ,
ನನಗಲ್ಲ, ಗಾಜಿಗೆ.

ವರದಿ ಬದಲಾಗಲಿಲ್ಲ. ಅದೇ ದರ್ಜೆ, ಅದೇ ಸಹಿ.

ಮಾರ್ಚಿನಲ್ಲೊಂದು ಪೊಟ್ಟಣ ಬಂತು.
ಹೊಗೆಯಲ್ಲಿ ಒಣಗಿಸಿದ ಮೀನು, ಹಳೇ ಪೇಪರಿನಲ್ಲಿ ಸುತ್ತಿ,
ಮೇಲೆ ಸೊಟ್ಟ ಅಕ್ಷರ, ಬಲಗೈಯದೋ ಎಡಗೈಯದೋ,
ಒಂದೇ ಪದ: ಸೋಮ್.

ಎರಡು ದಿನ ನೆಲಮಾಳಿಗೆಯಲ್ಲಿ ಫಾರ್ಮಲಿನ್ ಸೋತಿತ್ತು.
ಆಪರೇಷನ್ನಿನ ತಾರೀಖು ಫೈಲಿನಲ್ಲೇ ಇದೆ.
ತಿಂಗಳು ಎಣಿಸಲಿಲ್ಲ;
ಮುಳ್ಳು ಬಿಡಿಸುತ್ತಿದ್ದೆ.